ರೊಟ್ಟಿ ಮುರಿದಿಲ್ಲ

ಜೋಳದ ರೊಟ್ಟಿ ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ಊರು ಸುತ್ತಿ, ಯಾರ ಬಾಯಿಗೂ ಬೀಳದೆ, ಹೊರಟ ಮನೆಗೇ ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲವಲ್ಲ, ನಾಲ್ಕು ಸಲ. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ‘ಅದು ಹೇಗೆ?’ ಎನ್ನುತ್ತಾರೆ. ಅದು ಹೇಗೆ ಎನ್ನುವುದು ನನಗೇ ಬಹಳ ಕಾಲ ಬಗೆಹರಿಯಲಿಲ್ಲ. ಆ ಪಾರ್ಸೆಲ್ಲುಗಳ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಬಗ್ಗೆ ಬರೆಯೋಣವೆಂದು ಕೂತಾಗಲೆಲ್ಲ ಇವರು ಇಂಥವರು ಎಂದು ಒಂದು ವಾಕ್ಯ ಹೊಳೆಯದೆ ಪೆನ್ನು ಮುಚ್ಚಿಟ್ಟಿದ್ದೇನೆ. ಹೆಸರನ್ನಂತೂ ಬರೆಯುವುದಿಲ್ಲ. ಸಹಿ ಮಾಡಬೇಕಾದ ಜಾಗ ಬಿಟ್ಟು ಬೇರೆಲ್ಲಿ ತಮ್ಮ ಹೆಸರು ಕಂಡರೂ ಅವರಿಗೆ ಕಿರಿಕಿರಿಯಾಗುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ನಾನು ರಾಜಾಜಿನಗರದಲ್ಲಿ ಅವರ ಮನೆಯ ಕೆಳಗಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟು, ಮದುವೆಯಾಗಿಲ್ಲ, ಅಡುಗೆ ಬರುವುದಿಲ್ಲ. ಮಹಡಿಯ ಮೇಲೆ ಅವರಿಬ್ಬರು, ಗಂಡ ಹೆಂಡತಿ. ಮೂಲ ಬಾಗಲಕೋಟೆ ಕಡೆಯವರು. ಒಬ್ಬಳೇ ಮಗಳನ್ನು ಅದೇ ಕಡೆಗೆ ಕೊಟ್ಟಿದ್ದರು. ಕೋಣೆಗೆ ಬಂದ ಮೊದಲ ವಾರವೇ ಆಕೆ ಮೆಟ್ಟಿಲ ಮೇಲಿಂದ ಬಗ್ಗಿ, “ತಮ್ಮಾ, ಹೋಟೆಲಿನಾಗ ಉಂಡು ಹೊಟ್ಟಿ ಕೆಡಿಸ್ಕೋಬ್ಯಾಡ, ಮ್ಯಾಲ ಬಾ” ಎಂದರು. ಹೋದೆ. ಮೂರು ವರ್ಷ ಹೋಗುತ್ತಲೇ ಇದ್ದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ನನ್ನ ಹೊಟ್ಟೆಯ ಇತಿಹಾಸದಲ್ಲಿ ಅದಕ್ಕಿಂತ ಒಳ್ಳೆಯ ಕಾಲ ಬಂದಿಲ್ಲ.

ಯಜಮಾನರು ಅಲ್ಲೇ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಇಪ್ಪತ್ತಾರು ವರ್ಷ ಅದೇ ಕಿಟಕಿ, ಅದೇ ಕುರ್ಚಿ. ಚೀಟಿ ಇಲ್ಲದೆ ಒಂದು ಸ್ಕ್ರೂ ಕೊಟ್ಟವರಲ್ಲ. ಮ್ಯಾನೇಜರೇ ಬಂದು ಒಂದು ಬಲ್ಬು ಕೇಳಿದಾಗ, “ಚೀಟಿ ತರ್ರಿ ಸಾಹೇಬ್ರ, ಬಲ್ಬು ಎಲ್ಲಿ ಓಡಿ ಹೋಗ್ತೈತಿ” ಎಂದು ಕಳಿಸಿದ್ದರಂತೆ. ಮನೆಯೂ ಸ್ಟೋರ್ಸೇ. ಅಡುಗೆಮನೆಯ ಒಂದೊಂದು ಡಬ್ಬಿಗೂ ದಾರದಲ್ಲಿ ಕಟ್ಟಿದ ಒಂದು ಕಾರ್ಡು. ಸಾಸಿವೆ ಇಷ್ಟಕ್ಕೆ ಇಳಿದರೆ ಹೊಸದು ತರಬೇಕು, ಬೆಂಕಿಪೊಟ್ಟಣ ಎರಡಕ್ಕೆ ಇಳಿದರೆ ಇನ್ನೆರಡು. ಹೀಗೆ ಆಪತ್ತಿಗೆಂದು ಕಾದಿಟ್ಟದ್ದಕ್ಕೆ ಅವರು ಬಫರ್ ಸ್ಟಾಕು ಎನ್ನುತ್ತಿದ್ದರು. ಆಕೆ ಆ ಕಾರ್ಡುಗಳನ್ನು ತಿರುಗಿಸಿ ಹಿಂದುಗಡೆ ಹಾಲಿನವನ ಲೆಕ್ಕ ಬರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅವರ ಇನ್ನೊಂದು ಕಟ್ಟುನಿಟ್ಟು ಮಾತ್ರ ನನಗೆ ನುಂಗಲಾಗದ್ದು. ಯಾರ ಮನೆಯಲ್ಲೂ ಏನೂ ತಿನ್ನುತ್ತಿರಲಿಲ್ಲ. ಕಾಫಿಯಿಲ್ಲ, ಬಾಳೆಹಣ್ಣಿಲ್ಲ, ಕೊನೆಗೆ ಒಂದು ಲೋಟ ನೀರೂ ಇಲ್ಲ. ನಮ್ಮ ಅಕ್ಕನ ಮದುವೆ ವಿಜಯನಗರದ ಒಂದು ಛತ್ರದಲ್ಲಿ. ಕರೆದದ್ದಕ್ಕೆ ಇಬ್ಬರೂ ಬಂದರು. ಊಟದ ಪಂಕ್ತಿಯಲ್ಲೂ ಕೂತರು. ಎಲೆ ಹಾಕಲು ಬಂದವನಿಗೆ ಅವರು ಕೈ ಅಡ್ಡ ಹಿಡಿದು, ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅಷ್ಟು ಜನರ ನಡುವೆ ತಮ್ಮ ರೊಟ್ಟಿಯನ್ನು ತಾವು ತಿಂದರು. ಆಕೆಯೂ ಅದೇ ಡಬ್ಬಿಯಿಂದ, ತಲೆ ತಗ್ಗಿಸಿಕೊಂಡು. ಪಕ್ಕದ ಎಲೆಗೆ ಹೋಳಿಗೆ ಬಿದ್ದದ್ದನ್ನು ಆಕೆ ನೋಡಿದ ರೀತಿ ನನಗಿನ್ನೂ ನೆನಪಿದೆ. ನಮ್ಮಮ್ಮ ಉರಿದುಬಿದ್ದಳು. “ಅವ್ರಿಗೇನು ನಮ್ಮನೆ ಅನ್ನ ವಿಷಾನೇನೋ? ನೀನು ದಿನಾ ಹೋಗಿ ತಿಂತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

ನಿಜ. ನಮಗೆ ಬಡಿಸುವುದಕ್ಕೆ ಅವರಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ತೆಗೆದುಕೊಳ್ಳುವುದಕ್ಕೆ ಮಾತ್ರ ಇತ್ತು. ಕಾರಣವನ್ನು ಆಕೆಯೇ ಒಮ್ಮೆ ಹೇಳಿದರು. ಬಹಳ ಹಿಂದೆ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಹಾಕುವ ಎರಡು ಚೀಲ ಹಿತ್ತಾಳೆ ಬುಷ್ಷು ಕಾಣೆಯಾಗಿ ಗೇಟಿನಲ್ಲಿ ಅವರ ಜೇಬು, ಊಟದ ಡಬ್ಬಿ ಎಲ್ಲ ಜಾಲಾಡಿದ್ದರು. ಹೊರಗಿನ ಗುತ್ತಿಗೆದಾರನೊಬ್ಬ ಕೊಡಿಸಿದ ಒಂದು ಕಪ್ ಚಹಾವನ್ನೇ ಹಿಡಿದುಕೊಂಡು ‘ಇದಕ್ಕೆ ಬದಲಿಗೆ ಏನು ಕೊಟ್ಟೆ?’ ಎಂದು ವಿಚಾರಣೆ ನಡೆಸಿದ್ದರು. ತಿಂಗಳಾದ ಮೇಲೆ ಚೀಲಗಳು ತೂಕದ ಮನೆಯ ಹಿಂದೆ ಸಿಕ್ಕವು. ಯಾರೂ ತಪ್ಪಾಯಿತು ಎನ್ನಲಿಲ್ಲ. ಅವತ್ತಿನಿಂದ ಯಾರ ಚಹಾವೂ ಬೇಡ, ಮನೆಯವಳಿಗೂ ಬೇಡ. “ನನ್ನ ತಂಗಿ ಲಗ್ನದಾಗ ಸೈತ ಡಬ್ಬೀನ ತಮ್ಮಾ” ಎಂದು ಆಕೆ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಕಾಣಲಿಲ್ಲ. ನನಗೆ ಅವರ ಮೇಲೆ ಸಿಟ್ಟೇ ಬಂತು.

ಇಂಥ ಮನುಷ್ಯರು ನಿವೃತ್ತಿಗೆ ಒಂದು ವರ್ಷವಿದ್ದಾಗ, ರೊಟ್ಟಿ ಮುರಿಯುತ್ತ, “ನಾನು ಸಮುದ್ರದ ತನಕಾ ನಡಕೊಂಡು ಹೋಗಾಂವ” ಎಂದರು. ನಾನು ತಮಾಷೆ ಎಂದುಕೊಂಡೆ. ಅವರಿಗೆ ತಮಾಷೆ ಬರುವುದಿಲ್ಲವೆಂದು ಆಮೇಲೆ ನೆನಪಾಯಿತು.

ದಾರಿ ಯಾವುದೆಂದರೆ ನಮ್ಮ ವೃಷಭಾವತಿ. ಕೆಂಗೇರಿ ಕಡೆಗೆ ನೊರೆ ಕಾರುತ್ತ ಹೋಗುವ, ಬಸ್ಸಿನಲ್ಲಿ ಕೂತವರೆಲ್ಲ ಮೂಗು ಮುಚ್ಚಿಕೊಳ್ಳುವ ಅದೇ ಹೊಳೆ. ಅದರ ದಂಡೆ ಹಿಡಿದು ಅರ್ಕಾವತಿ, ಅರ್ಕಾವತಿ ಹಿಡಿದು ಸಂಗಮ, ಅಲ್ಲಿಂದ ಕಾವೇರಿ, ಕಾವೇರಿ ಮುಗಿಯುವಲ್ಲಿ ಸಮುದ್ರ.

“ಯಾಕೆ ಸಾರ್?” ಎಂದೆ. “ಹರಕೆ ಏನಾದ್ರೂ ಇದ್ಯಾ?”

“ಹರಕಿ ಇಲ್ಲ, ಏನಿಲ್ಲ. ಪ್ಲೇಟಿಂಗ್ ಶಾಪಿಗೆ ಇಪ್ಪತ್ತಾರು ವರ್ಷ ನಾ ಆಸಿಡ್ಡಿನ ಡ್ರಮ್ಮು ಇಶ್ಯೂ ಮಾಡೀನಿ. ಕೆಲಸ ಮುಗಿದ ಮ್ಯಾಲ ಎಲ್ಲಾ ಹಿಂದಿನ ಮೋರಿಗೆ. ಮೋರಿಯಿಂದ ಈ ಹೊಳಿಗೆ. ಇಶ್ಯೂ ಮಾಡಿದ ಮಾಲು ಕಡೀಕ ಎಲ್ಲಿ ಹೋತು ಅಂತ ಸ್ಟೋರ್‌ಕೀಪರಿಗೆ ಗೊತ್ತಿರಬೇಕೋ ಬ್ಯಾಡೋ?”

ಇದು ಪಶ್ಚಾತ್ತಾಪವೋ, ಬರೀ ಲೆಕ್ಕ ಮುಗಿಸುವ ಚಟವೋ ನನಗೆ ಅರ್ಥವಾಗಲಿಲ್ಲ. ಮುಖ ನೋಡಿದರೆ ಎರಡೂ ಅಲ್ಲವೆನ್ನಿಸಿತು. “ಗೊತ್ತಿರಬೇಕು” ಎಂದೆ, ಇನ್ನೊಂದು ರೊಟ್ಟಿ ಬರಲಿ ಎಂದು.

ನಡೆಯುವುದು ಅವರಿಗೆ ಸಮಸ್ಯೆಯಾಗಿರಲಿಲ್ಲ, ಊಟ ಸಮಸ್ಯೆಯಾಗಿತ್ತು. ಯಾರ ಮನೆಯಲ್ಲೂ ಉಣ್ಣುವುದಿಲ್ಲ, ಹೋಟೆಲೂ ಇಲ್ಲ, ಅಷ್ಟು ದೂರಕ್ಕಾಗುವಷ್ಟು ಹೊರುವುದಕ್ಕೂ ಆಗುವುದಿಲ್ಲ. ಅದಕ್ಕೆ ಅಂಚೆಯಿಲಾಖೆ. ದಾರಿಯಲ್ಲಿ ಆರು ಊರು ಗುರುತಿಸಿಕೊಂಡರು. ಪ್ರತಿ ಊರಿನ ಅಂಚೆ ಕಚೇರಿಗೂ ತಮ್ಮ ಹೆಸರಿಗೇ ಒಂದೊಂದು ಪಾರ್ಸೆಲ್ಲು. ವಿಳಾಸ ಇಷ್ಟೇ: ಇಂಥವರಿಗೆ, ಪೋಸ್ಟ್‌ಮಾಸ್ತರರ ಮೂಲಕ, ಸ್ವತಃ ಬಂದು ಪಡೆಯುವವರೆಗೆ ಇಟ್ಟುಕೊಳ್ಳುವುದು. ಕೆಲವು ದಿನ ಇಟ್ಟುಕೊಳ್ಳುತ್ತಾರೆ, ಯಾರೂ ಬರದಿದ್ದರೆ ಕಳಿಸಿದವರಿಗೆ ವಾಪಸು. ಇಂಥ ಅನುಕೂಲ ಇರುವುದೇ ನನಗೆ ಗೊತ್ತಿರಲಿಲ್ಲ. ಊರುಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿಯ ಪೋಸ್ಟ್‌ಮಾಸ್ತರರು ಯಾವ ತಪ್ಪನ್ನೂ ಮಾಡಲಿಲ್ಲ. ನಮ್ಮ ಯಜಮಾನರೂ ಊರುಗಳನ್ನು ಒಂದು, ಎರಡು, ಮೂರು ಎಂದೇ ಕರೆಯುತ್ತಿದ್ದರು.

ಆರು ಊರಿಗೆ ಆರು ಕಾರ್ಡು. ಯಾವ ದಿನ ತಲುಪುವುದು, ಅದಕ್ಕೆ ಎಷ್ಟು ದಿನ ಮೊದಲು ಪಾರ್ಸೆಲ್ಲು ಇಲ್ಲಿಂದ ಹೊರಡಬೇಕು, ಒಳಗೇನಿರಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅವಲಕ್ಕಿ, ಬೆಲ್ಲ. ನಾಲ್ಕನೆಯದರಲ್ಲಿ ಹೆಚ್ಚುವರಿಯಾಗಿ ಒಂದು ಜೊತೆ ಟೈರಿನ ಚಪ್ಪಲಿ, ಅಷ್ಟರಲ್ಲಿ ಹಳೆಯದು ಸವೆದಿರುತ್ತದೆಂದು. ಖಡಕ್ ರೊಟ್ಟಿ ಗೊತ್ತಲ್ಲ, ಒಣಗಿಸಿ ಇಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಆಕೆ ಬಡಿದೂ ಬಡಿದೂ ಕಟ್ಟೆಯ ಮೇಲೆ ಒಟ್ಟಿದರು. ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿದರು. ಆರೂ ಪಾರ್ಸೆಲ್ಲು ಸಾಲಾಗಿ ಕೂತವು, ಒಂದೊಂದನ್ನೂ ಅದರ ದಿನಕ್ಕೆ ಸರಿಯಾಗಿ ಅಂಚೆಗೆ ಹಾಕುವ ಕೆಲಸ ನನ್ನದು.

“ಸಾದಾ ಪಾರ್ಸೆಲ್ ಸಾಕಲ್ವಾ ಸಾರ್, ರಿಜಿಸ್ಟರ್ ಯಾಕೆ?” ಎಂದೆ.

“ಸಹಿ ಇಲ್ಲದ ಕೈ ಬದಲಾದ ಮಾಲು ಮಾಲಲ್ಲ. ರಿಜಿಸ್ಟರಾ ಮಾಡ್ಸು. ನಿಲ್ಲಿಸು ಅಂತ ನಾ ಬರಿಯೋ ತನಕ ನಿಲ್ಲಸಬ್ಯಾಡ.”

ಪರೀಕ್ಷೆ ಮಾಡದೆ ಹೊರಡುವ ಜಾತಿಯಲ್ಲ ಅವರು. ಕೆಂಗೇರಿ ಅಂಚೆ ಕಚೇರಿಗೆ ತಮ್ಮ ಹೆಸರಿಗೇ ಒಂದು ಮಾದರಿ ಪಾರ್ಸೆಲ್ಲು ಕಳಿಸಿ, ಒಂದು ಶನಿವಾರ ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆದರು. ಜೊತೆಗೆ ನಾನು. ಮಾರೇನಹಳ್ಳಿ ದಾಟಿ, ನಾಯಂಡಹಳ್ಳಿಯಲ್ಲಿ ಹೊಳೆಗೆ ಇಳಿದು, ದಂಡೆಗುಂಟ. ವಾಸನೆಗೆ ನನ್ನ ತಲೆ ತಿರುಗುತ್ತಿತ್ತು. ಅವರು ನೀರಿನ ಬಣ್ಣ ನೋಡಿ, “ಇದು ನಮ್ಮದಲ್ಲ, ಬಟ್ಟೆ ಮಿಲ್ಲಿಂದು” ಎನ್ನುತ್ತಿದ್ದರು. ಕೆಂಗೇರಿ ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು ಇವರನ್ನು ಕಂಡದ್ದೇ ಎದ್ದು ನಿಂತರು. “ಏನ್ ಸಾರ್, ಇಷ್ಟು ದೂರ? ನಡ್ಕೊಂಡ್ ಬಂದ್ರಾ? ನಿಮ್ದೊಂದು ಪಾರ್ಸೆಲ್ ಬಂದೈತೆ, ಎತ್ತಿಟ್ಟಿದೀನಿ.” ಹಿಂದೆ ನಮ್ಮ ಬೀದಿಗೇ ಅಂಚೆ ಹಂಚುತ್ತಿದ್ದವರು. ಸಹಿ ಹಾಕಿಸಿಕೊಂಡು ಕೊಟ್ಟರು. ಇವರು ಹೊರಗೆ ಬಂದು ಕಾರ್ಡಿನಲ್ಲಿ ‘ವ್ಯವಸ್ಥೆ ಸರಿ ಇದೆ’ ಎಂದು ಬರೆದರು. ಇಷ್ಟು ವರ್ಷ ತಪಾಸಣೆ ಮಾಡಿದ ಮನುಷ್ಯರು ಆ ಒಂದು ವಿಷಯ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ, ನನಗೆ ಮನೆಗೆ ಹೋಗುವ ಬಸ್ಸಿನ ಧ್ಯಾನ.

ನಿವೃತ್ತಿಯ ದಿನ ಕಾರ್ಖಾನೆಯ ಗುರುತಿನ ಚೀಟಿಯನ್ನು ಟೈಮ್ ಆಫೀಸಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಬರೆಸಿಕೊಂಡು ಬಂದರು. ಯಾರೂ ರಸೀದಿ ಕೇಳುವುದಿಲ್ಲವಂತೆ, ಇವರು ಕೇಳಿದರು. ಆ ರಸೀದಿ ಅಂಗಿಯ ಒಳಜೇಬಿನಲ್ಲಿ. ವಾರದ ಬಳಿಕ ಬೆಳಿಗ್ಗೆ ಹೊರಟರು. ಆಕೆ ಬಾಗಿಲಲ್ಲಿ ನಿಂತು, “ಯಾರರ ಕರದು ಕೊಟ್ರ ಉಣ್ರಿ, ಅದರಾಗೇನೈತಿ” ಎಂದರು. ಅವರು ಕೇಳಿಸಿಕೊಳ್ಳದವರಂತೆ ಚಪ್ಪಲಿ ಮೆಟ್ಟಿದರು.

ಮೊದಲ ಪೋಸ್ಟ್‌ಕಾರ್ಡು ಹನ್ನೆರಡು ದಿನಕ್ಕೆ ಬಂತು. ‘ಒಂದನೇ ಪಾರ್ಸೆಲ್ ತಲುಪಿತು. ರೊಟ್ಟಿ ಮುರಿದಿಲ್ಲ. ಆರೋಗ್ಯ ಸರಿ ಇದೆ.’ ಇಷ್ಟೇ. ಆಕೆ ಅದನ್ನು ದೇವರ ಗೂಡಿನಲ್ಲಿಟ್ಟರು. ನಾನು ಎರಡನೆಯದನ್ನು ಕಳಿಸಿದೆ, ಮೂರನೆಯದನ್ನೂ ಕಳಿಸಿದೆ. ‘ಎರಡನೇ ಪಾರ್ಸೆಲ್ ತಲುಪಿತು. ರೊಟ್ಟಿ ಮುರಿದಿಲ್ಲ’ ಎಂಬ ಕಾರ್ಡೂ ಬಂತು. ಅದು ಬಂದ ಮರುದಿನ ಅಂಚೆಯವನು ಬಾಗಿಲಲ್ಲಿ ನಿಂತು ಒಂದು ಬಿಳಿ ಪಾರ್ಸೆಲ್ಲು ಕೈಗಿತ್ತ. ನಮ್ಮದೇ ಅರಗು, ನಮ್ಮದೇ ಹೊಲಿಗೆ. ಮೇಲೆ ಕೆಂಪು ಶಾಯಿಯಲ್ಲಿ, ಯಾರೂ ಪಡೆಯಲಿಲ್ಲ, ಕಳಿಸಿದವರಿಗೆ ವಾಪಸು. ಅದು ಒಂದನೆಯ ಪಾರ್ಸೆಲ್ಲು!

ಆಕೆ ಬಟ್ಟೆ ಕತ್ತರಿಸಿ, ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಜೋಡಿಸಿದರು. ಒಂದೂ ಕಡಿಮೆ ಇಲ್ಲ. “ಮುರದಿಲ್ಲ ಅಂತ ಬರದಾರ” ಎಂದರು. “ಖರೇನ ಮುರದಿಲ್ಲ ನೋಡ್ ತಮ್ಮಾ.”

ನಾನು ಪೋಸ್ಟ್‌ಕಾರ್ಡು ನೋಡಿದೆ, ಪಾರ್ಸೆಲ್ಲು ನೋಡಿದೆ. ತಲುಪಿತು ಅನ್ನುತ್ತದೆ ಕಾರ್ಡು. ತಲುಪಿಲ್ಲ ಅನ್ನುತ್ತದೆ ರೊಟ್ಟಿ. ಅಕ್ಷರ ಅವರದೇ, ಅನುಮಾನವಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸ್ಕ್ರೂವಿಗೂ ಸುಳ್ಳು ಬರೆಯದವರು. ಹಾಗಿದ್ದ ಮೇಲೆ ಅಂಚೆಯವರು ತಪ್ಪು ಮಾಡಿದ್ದಾರೆ ಎಂದು ತೀರ್ಮಾನಿಸಿದೆ. ವಾರ ಕಳೆಯುವುದರೊಳಗೆ ಎರಡನೆಯದೂ ವಾಪಸು ಬಂತು, ತೀರ್ಮಾನ ಬಿದ್ದುಹೋಯಿತು. ಮೂರನೆಯ ಪಾರ್ಸೆಲ್ಲು ತಲುಪಿದ ಕಾರ್ಡೂ ಮೂರನೆಯ ಪಾರ್ಸೆಲ್ಲೂ ಒಂದರ ಹಿಂದೊಂದು ಬಂದವು. ಆ ಹೊತ್ತಿಗೆ ನಾಲ್ಕನೆಯದು ಹೋಗಿಯಾಗಿತ್ತು. ಕಳಿಸಬೇಕೋ ಬೇಡವೋ ಗೊತ್ತಾಗದೆ, ನಿಲ್ಲಿಸಬೇಡ ಎಂದಿದ್ದಾರಲ್ಲ ಎಂದು ಹಾಕಿಬಿಟ್ಟಿದ್ದೆ.

“ಅವ್ರು ಏನ್ ತಿಂದು ನಡ್ಯಾಕ ಹತ್ಯಾರ?” ಎಂದು ಆಕೆ ಕೇಳಿದರು. “ಯಾರರ ಬಡದು, ಹೆದರಿಸಿ ಬರಸಾಕ ಹತ್ತಿದ್ರ? ಇಲ್ಲಾ ತಲಿ ಕೆಟ್ಟೈತೋ?” ಆಕೆ ಒಲೆ ಹಚ್ಚುವುದನ್ನು ಬಿಟ್ಟರು. ವಾಪಸು ಬಂದ ರೊಟ್ಟಿಯ ರಾಶಿಯ ಪಕ್ಕ ಕೂತು, ಅದರಲ್ಲೂ ಒಂದು ಚೂರು ಬಾಯಿಗೆ ಹಾಕದೆ ಎರಡು ದಿನ ಕಳೆದರು. ನನಗೆ ಹೆದರಿಕೆಯಾಯಿತು. ರಜೆ ಹಾಕಿ, ನಾಲ್ಕನೆಯ ಕಾರ್ಡಿನಲ್ಲಿ ಬರೆದ ದಿನಕ್ಕೆ ನಾಲ್ಕನೆಯ ಊರಿಗೆ ಬಸ್ಸು ಹತ್ತಿದೆ.

ತಮಿಳುನಾಡಿನ ನಡುವೆ, ಹೊಳೆಯ ದಂಡೆಯ ಊರು. ಮಗ್ಗದ ಸದ್ದು ಬೀದಿ ಬೀದಿಗೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ಕೂತೆ. ಹನ್ನೊಂದರ ಸುಮಾರಿಗೆ ಅವರು ಬಂದರು. ಗಡ್ಡ ಬಿಟ್ಟಿದ್ದರು, ಕಪ್ಪಾಗಿದ್ದರು, ಚಪ್ಪಲಿಗೆ ಹಗ್ಗ ಕಟ್ಟಿದ್ದರು. ಆದರೆ ಸೊರಗಿರಲಿಲ್ಲ! ಮನೆಯಲ್ಲಿದ್ದಾಗಿನದಕ್ಕಿಂತ ಕೆನ್ನೆಗಳು ಸ್ವಲ್ಪ ತುಂಬಿದ್ದವು. ನಾನು ಅಳುವುದೋ ಬೈಯುವುದೋ ತಿಳಿಯದೆ ಎದ್ದು ನಿಂತೆ. ಅವರು ನನ್ನನ್ನು ನೋಡಿ ಹೇಳಿದ ಮೊದಲ ಮಾತು, “ನೀ ಇಲ್ಲಿದ್ರ ಐದನೇದ್ದು ಯಾರು ಕಳಸ್ತಾರ?”

“ಮೂರೂ ವಾಪಸ್ ಬಂದಿದೆ ಸಾರ್” ಎಂದೆ. ಅವರು ಒಳಗೆ ನಡೆದರು, ನಾನು ಹಿಂದೆ.

ಕೌಂಟರಿನ ಗುಮಾಸ್ತೆಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಲೆಕ್ಕಕ್ಕಿಂತ ಮೊದಲೇ ಊರು ತಲುಪಿ ಮೂರು ದಿನದಿಂದ ಇವರು ಬಂದು ಹೋಗುತ್ತಿದ್ದರೆಂದು ಕಾಣುತ್ತದೆ. ಇವರನ್ನು ಕಂಡು ಉಸಿರು ಬಿಟ್ಟ. “ಪಾರ್ಸೆಲ್ ಇದೆ ಅಯ್ಯಾ. ನೀವೇ ಅವರು ಅಂತ ಪ್ರೂಫ್ ಬೇಕು. ರಿಜಿಸ್ಟರ್ ಅಲ್ವಾ?”

ಇವರು ಒಳಜೇಬಿನಿಂದ ರಸೀದಿ ತೆಗೆದು ಚಾಚಿದರು. ಆತ ಇಂಗ್ಲಿಷಿನಲ್ಲಿದ್ದ ಅದನ್ನು ನಾಲ್ಕನೆಯ ಸಲವೋ ಐದನೆಯ ಸಲವೋ ಓದಿದ. “ಇದು ನೀವು ಗುರುತಿನ ಚೀಟಿ ವಾಪಸ್ ಕೊಟ್ಟಿದೀರಿ ಅಂತ ಹೇಳುತ್ತೆ.”

“ಹೌದು. ಕೊಟ್ಟೀನಿ.”

“ಚೀಟಿ ಎಲ್ಲಿ?”

“ಕೊಟ್ಟೀನಲ್ಲ!”

ಈಗ ನನಗೆ ಎಲ್ಲ ಹೊಳೆಯಿತು. ಒಂದನೆಯ ಊರಿನಲ್ಲೂ ಇದೇ, ಎರಡರಲ್ಲೂ ಮೂರರಲ್ಲೂ ಇದೇ. ಕೆಂಗೇರಿಯಲ್ಲಿ ಕೊಟ್ಟದ್ದು ವ್ಯವಸ್ಥೆ ಸರಿ ಇದ್ದದ್ದಕ್ಕಲ್ಲ, ಅಲ್ಲಿ ಮುಖ ಪರಿಚಯವಿದ್ದದ್ದಕ್ಕೆ. ನಾನು ಮುಂದೆ ಬಂದು, “ನಾನಿವರನ್ನ ಬಲ್ಲೆ. ಪಾರ್ಸೆಲ್ ಕಳಿಸಿದೋನೇ ನಾನು” ಎಂದು ನನ್ನ ಕಚೇರಿಯ ಚೀಟಿ ತೋರಿಸಿದೆ.

“ನೀವು ಬೆಂಗಳೂರು. ನಾಳೆ ನಿಜವಾದವರು ಬಂದು ಕೇಳಿದ್ರೆ ನಿಮ್ಮನ್ನ ನಾನು ಎಲ್ಲಿ ಹುಡುಕ್ಲಿ? ಈ ಊರವರು ಯಾರಾದ್ರೂ ಹೇಳ್ಬೇಕು. ಇವರನ್ನ ನೀವು ಬಲ್ಲಿರಿ, ಸರಿ. ನಿಮ್ಮನ್ನ ಯಾರು ಬಲ್ಲರು?”

ಇಂಥ ಪ್ರಶ್ನೆಗೆ ಸಿದ್ಧವಾಗಿ ಯಾರು ತಾನೇ ಬಸ್ಸು ಹತ್ತುತ್ತಾರೆ? ನಾವಿಬ್ಬರೂ ಕೌಂಟರಿನ ಈಚೆ ನಿಂತೆವು, ಪಾರ್ಸೆಲ್ಲು ಆಚೆ ಕಪಾಟಿನಲ್ಲಿ ಕಾಣುತ್ತಿತ್ತು. ಆಕೆ ಹಾಕಿದ ಹೊಲಿಗೆ ಕೂಡ ಕಾಣುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಆದರೆ ಅವರ ಮುಖ ನೋಡಿ ಬರಲಿಲ್ಲ. ಚೀಟಿ ಇಲ್ಲದೆ ಕೊಡುವುದಿಲ್ಲ ಎನ್ನುವ ಕಿಟಕಿಯ ಹೊರಗಡೆ ಅವರು ಮೊದಲ ಸಲ ನಿಂತಿದ್ದರು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕಿ ಬಂದಳು. ಮಗನಿಗೆ ಕಾಗದ ಹಾಕಲು ಬಂದ ನೇಕಾರರ ಹೆಂಗಸು. ತಲೆತಲಾಂತರದಿಂದ ಆ ಊರಲ್ಲಿ ಮಗ್ಗ ಹಾಕಿಕೊಂಡಿರುವ ಕನ್ನಡದ ಮನೆಗಳಿವೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಗುಮಾಸ್ತೆಗೆ ತಮಿಳಿನಲ್ಲಿ ಏನೋ ಗದರಿದಳು. ಆಮೇಲೆ ನಮ್ಮ ಕಡೆ ತಿರುಗಿ ಅದನ್ನೇ ತನ್ನ ಕನ್ನಡದಲ್ಲಿ ಹೇಳಿದಳು. “ಮೂರು ದಿನ ನಮ್ಮನೇಲಿ ಉಂಡವ್ರೆ. ಇನ್ನೇನು ಗುರುತು ಬೇಕು?”

ಗುಮಾಸ್ತೆ ನಕ್ಕ. ಆಕೆಯನ್ನು ಅವನು ಚೆನ್ನಾಗಿ ಬಲ್ಲ. ಪುಸ್ತಕ ಮುಂದೆ ತಳ್ಳಿದ, ಆಕೆ ಹೆಬ್ಬೆಟ್ಟು ಒತ್ತಿದಳು, ಇವರು ಸಹಿ ಮಾಡಿದರು. ಪಾರ್ಸೆಲ್ಲು ಕೈಗೆ ಬಂತು.

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಕೂತು ಹೊಸ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದರು. ಒಂದನೆಯ ಊರಲ್ಲಿ ಕೊಡಲಿಲ್ಲ ಎಂದಾಗ ಚೀಲದ ತಳದಲ್ಲಿದ್ದ ಬೆಲ್ಲದಲ್ಲಿ ಎರಡು ದಿನ ನಡೆದರಂತೆ. ಮೂರನೆಯ ದಿನ ಕಣ್ಣು ಕತ್ತಲೆ ಬಂದು ಒಂದು ರಾಗಿ ಹೊಲದ ಬದುವಿನ ಮೇಲೆ ಕೂತರು. ಕಳೆ ಕೀಳುತ್ತಿದ್ದವರು ತಮ್ಮ ಬುತ್ತಿಯ ಮುದ್ದೆ ಮುರಿದುಕೊಟ್ಟರು. “ಮೊದಲನೇ ತುತ್ತು ಗಂಟಲದಾಗ ಇಳೀಲಿಲ್ಲೋ. ಎರಡನೇದಕ್ಕ ನಾನಾ ಕೇಳಿದ್ನೆಪಾ, ಇನ್ನೊಂಚೂರು ಸಾರು ಹಾಕ್ರಿ ಅಂತ.” ಆಮೇಲೆ ಪ್ರತಿ ಊರಲ್ಲೂ ಇದೇ ಆಯಿತು. ಗುರುತಿನವರು ಬೇಕು ಎಂದಾಗ ಗುರುತು ಮಾಡಿಕೊಳ್ಳಲು ಯಾರದಾದರೂ ಜಗಲಿಯಲ್ಲಿ ಕೂರಬೇಕು, ಕೂತವರಿಗೆ ಅವರು ಉಣಬಡಿಸದೆ ಬಿಡುವುದಿಲ್ಲ. ಉಂಡ ಮೇಲೆ, ನನ್ನ ಜೊತೆ ಬಂದು ಹೇಳಿ ಎನ್ನಲು ಇವರಿಗೆ ನಾಲಿಗೆ ಏಳುತ್ತಿರಲಿಲ್ಲ. ಪಾರ್ಸೆಲ್ಲು ಅಲ್ಲೇ ಬಿಟ್ಟು ಮುಂದಕ್ಕೆ ನಡೆದುಬಿಡುತ್ತಿದ್ದರು.

“ಮತ್ತೆ ತಲುಪಿತು ಅಂತ ಯಾಕೆ ಬರೆದ್ರಿ ಸಾರ್?”

ಬಹಳ ಹೊತ್ತು ಚಪ್ಪಲಿಯ ಪಟ್ಟಿ ಸರಿ ಮಾಡಿದರು. “ಇಪ್ಪತ್ತು ವರ್ಷ ಅಕಿನ್ನ ಯಾರ ಮನಿಯಾಗೂ ಉಣ್ಣಾಕ ಬಿಟ್ಟಿಲ್ಲ. ತನ್ನ ತಂಗಿ ಲಗ್ನದಾಗ ಅಕಿ ಡಬ್ಬಿ ಉಂಡಾಳ. ಈಗ ನಾ ಇಲ್ಲಿ ಕಂಡವರ ಮನಿಯಾಗ ಕೇಳಿ ಕೇಳಿ ಉಣ್ಣಾಕ ಹತ್ತೀನಿ ಅಂತ ಯಾವ ಬಾಯಿಂದ ಬರೀಲಿ?” ಆಮೇಲೆ ನನ್ನ ಕೈ ಹಿಡಿದರು. ಅವರು ಯಾರ ಕೈಯನ್ನೂ ಹಿಡಿದದ್ದನ್ನು ನಾನು ನೋಡಿರಲಿಲ್ಲ. “ಅಕಿಗೆ ಹೇಳಬ್ಯಾಡ.”

ಆ ಪಾರ್ಸೆಲ್ಲಿನ ರೊಟ್ಟಿಯನ್ನೆಲ್ಲ ಮುದುಕಿಯ ಮನೆಗೆ ಕೊಟ್ಟು, ಅವರು ಹೊಳೆಗುಂಟ ಹೋದರು. ನಾನು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಹೇಳಿದರೆ ಅವರಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಇಷ್ಟು ಕಾಲ ಅನ್ನ ಹಾಕಿದ ಕೈಗೆ ಸುಳ್ಳು ಹೇಳಿದಂತಾಗುತ್ತದೆ. ಮನೆ ತಲುಪಿದಾಗ ಆಕೆ 'ಹೆಂಗದಾರ?' ಎನ್ನಲಿಲ್ಲ. “ಉಂಡಾರ?” ಎಂದು ಕೇಳಿದರು.

“ಚೆನ್ನಾಗಿದಾರೆ. ಪಾರ್ಸೆಲ್ ಅಲ್ಲಲ್ಲಿ ತಡ ಆಗಿದೆ ಅಷ್ಟೇ, ಚೀಲದಲ್ಲಿದ್ದ ರೊಟ್ಟಿ ಸಾಕಾಗಿದೆ” ಎಂದೆ.

“ನಮ್ಮ ರೊಟ್ಟೀನ ತಿಂದಾರ?”

“ಹೂಂ, ನಿಮ್ಮ ರೊಟ್ಟಿನೇ.”

ಆಕೆ ವಾಪಸು ಬಂದ ರೊಟ್ಟಿಯ ರಾಶಿಯನ್ನೊಮ್ಮೆ ನೋಡಿದರು. ಅದರಿಂದಲೇ ಎರಡು ತೆಗೆದು, ಬಿಸಿ ಮಾಡಿ, ಹಿಂಡಿ ಹಾಕಿ ನನ್ನ ಮುಂದಿಟ್ಟರು. ತಾವೂ ಒಂದು ತಿಂದರು. ಆ ರೊಟ್ಟಿಯನ್ನು ನಾನು ಹೇಗೆ ನುಂಗಿದೆನೋ ನನಗೇ ಗೊತ್ತು.

ಐದನೆಯದು ವಾಪಸು ಬಂತು. ಆರನೆಯದು ಬರಲಿಲ್ಲ. ‘ಸಮುದ್ರ ತಲುಪಿತು. ಆರನೇ ಪಾರ್ಸೆಲ್ ತಲುಪಿತು. ರೊಟ್ಟಿ ಮುರಿದಿದೆ’ ಎಂಬ ಕೊನೆಯ ಕಾರ್ಡು ಬಂತು. ಅದನ್ನು ನಂಬಬೇಕೋ ಬೇಡವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮುರಿದಿದೆ ಎಂದು ಬರೆದದ್ದರಿಂದ ನಂಬೋಣವೆನ್ನಿಸುತ್ತದೆ. ಕಳೆದುಹೋದ ಪಾರ್ಸೆಲ್ಲೂ ವಾಪಸು ಬರುವುದಿಲ್ಲ ಎನ್ನುವುದು ನೆನಪಾದರೆ ಮತ್ತೆ ಗೊಂದಲ. ಅವರು ಬಸ್ಸಿನಲ್ಲಿ ಹಿಂತಿರುಗಿದ ಮೇಲೆ, “ನಮ್ಮ ನೀರು ಸಿಕ್ತಾ ಸಾರ್?” ಎಂದು ಕೇಳಿದೆ. “ಅಲ್ಲಿ ಯಾವುದು ನಮ್ಮದು ಅಂತ ಗುರ್ತ ಹತ್ತಂಗಿಲ್ಲೋ” ಎಂದರು, ಅಷ್ಟೇ.

ಬದಲಾಗಿದ್ದರೋ ಇಲ್ಲವೋ ಅದೂ ಸರಿಯಾಗಿ ತಿಳಿಯಲಿಲ್ಲ. ಡಬ್ಬಿಗಳ ಕಾರ್ಡು ಹಾಗೇ ಇದ್ದವು. ಮರುವರ್ಷ ನನ್ನ ಮದುವೆಗೆ ಬಂದರು, ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ. ನಮ್ಮಮ್ಮ ಮುಖ ತಿರುಗಿಸಿದಳು. ಪಂಕ್ತಿಯಲ್ಲಿ ಕೂತರು, ಡಬ್ಬಿಯನ್ನು ಪಕ್ಕದಲ್ಲಿಟ್ಟರು, ಆದರೆ ಬಿಚ್ಚಲಿಲ್ಲ. ಎಲೆ ಹಾಕಲು ಬಂದವನಿಗೆ ಜಾಗ ಬಿಟ್ಟುಕೊಟ್ಟರು. ಆಕೆಯ ಎಲೆಗೆ ಹೋಳಿಗೆ ಬಿದ್ದಾಗ ಬಡಿಸುವವನಿಗೆ, “ಅಕಿಗೆ ಇನ್ನೊಂದು ಹಾಕು” ಎಂದರು. ನಾನು ಮದುಮಗನ ವೇಷದಲ್ಲೇ ಬಗ್ಗಿ, “ಡಬ್ಬಿ ಯಾಕೆ ಸಾರ್?” ಎಂದೆ. “ಇರ್ಲಿ. ಬಫರ್ ಸ್ಟಾಕು” ಎಂದರು. ಆಕೆಗೆ ಈ ಬದಲಾವಣೆಗೆ ಏನು ಕಾರಣ ಕೊಟ್ಟಿದ್ದಾರೋ ಎಂದು ನನಗೆ ಅಳುಕು. ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಆ ನಡಿಗೆಯ ಮಾತು ಬಂದಾಗಲೆಲ್ಲ ನಾನು ವಿಷಯ ಬದಲಿಸುತ್ತಿದ್ದೆ. ಮದುವೆಯಾದ ಮೇಲೆ ಮನೆ ವಿಜಯನಗರಕ್ಕೆ ಬದಲಾಯಿತು. ಹಬ್ಬಕ್ಕೆ ಹೋಗಿ ಬರುವುದು ಉಳಿಯಿತು.

ನಡಿಗೆ ಮುಗಿದು ಆರು ವರ್ಷಕ್ಕೆ, ದಶಕ ಮುಗಿಯುತ್ತ ಬಂದಾಗ, ಅವರು ಹೋದರು. ಆಸ್ಪತ್ರೆಯಲ್ಲಿ ಎರಡೇ ದಿನ. ಬೆಳಿಗ್ಗೆ ನಾನು ಓಡಿದೆ. ಮಗಳು ಬಾಗಲಕೋಟೆಯಿಂದ ಇನ್ನೂ ದಾರಿಯಲ್ಲಿದ್ದಳು. ದೇಹ ಬಿಟ್ಟುಕೊಡಲು ಹೆಂಡತಿಯ ಸಹಿಯ ಜೊತೆ ಗುರುತಿಸುವ ಇನ್ನೊಬ್ಬರ ಸಹಿಯೂ ಬೇಕೆಂದು ಕಿಟಕಿಯ ಹಿಂದಿನ ಗುಮಾಸ್ತೆ ಹೇಳಿದ. ನಾನು ಮುಂದೆ ಹೋದೆ.

“ನೀವು ಇವ್ರಿಗೆ ಏನಾಗ್ಬೇಕು ಸಾರ್?”

“ಏನೂ ಆಗ್ಬೇಕಿಲ್ಲ. ಇವ್ರ ಮನೇಲಿ ಬಾಡಿಗೆಗಿದ್ದೆ.”

“ಈಗ?”

“ಈಗ ವಿಜಯನಗರ.”

“ಹಂಗಾದ್ರೆ ಗೊತ್ತಿರೋರು ಅಂತ ಹೆಂಗ್ ಬರ್ಕೊಳ್ಳೋದು ಸಾರ್? ಎಷ್ಟು ಗೊತ್ತು ನಿಮಗೆ?”

ಎಷ್ಟು ಗೊತ್ತು? ಅವನು ನಿಯಮಕ್ಕೆ ಕೇಳಿದ್ದು. ಸಮುದ್ರ ಮುಟ್ಟಿದ್ದರೋ ಇಲ್ಲವೋ ಅದೇ ಗೊತ್ತಿಲ್ಲದವನು ಏನು ಹೇಳಲಿ? ಗೋಡೆಯ ಬದಿಯ ಬೆಂಚಿನಿಂದ ಆಕೆ ಎದ್ದರು. ಸೆರಗು ಸರಿ ಮಾಡಿಕೊಂಡು ಕಿಟಕಿಯ ಹತ್ತಿರ ಬಂದರು.

“ಮೂರು ವರ್ಷ ನಮ್ಮನಿಯಾಗ ಉಂಡಾನ್ರಿ” ಎಂದರು. “ಇನ್ನೇನು ಗುರ್ತು ಬೇಕು?”

ಹೇಳುವಾಗ ಆಕೆ ಗುಮಾಸ್ತೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆ ಮಾತನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ ಕೇಳಿದ್ದೆ, ದೂರದ ಒಂದು ಊರಿನ ಕೌಂಟರಿನ ಮುಂದೆ. ನಾನು ಯಾರಿಗೂ ಹೇಳಿರಲಿಲ್ಲ.

“ಯಾವಾಗ ಹೇಳಿದ್ರು?” ಎಂದೆ.

“ಬಂದ ದಿನಾನ. ಚಪ್ಲಿ ಬಿಡೂಕಿಂತ ಮೊದಲ ಹೇಳಿದ್ರು. ಮುದ್ದಿ ಕೇಳಿ ಉಂಡದ್ದು, ಆ ಮುದುಕಿ ಹೆಬ್ಬಟ್ಟು ಒತ್ತಿದ್ದು, ನನಗ ಹೇಳಬ್ಯಾಡ ಅಂತ ನಿನಗ ಅಂದದ್ದು, ಎಲ್ಲಾ.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀ ಯಾವಾಗ ಹೇಳ್ತಿ ಅಂತ ಆರು ವರ್ಷ ಕಾದೆ ತಮ್ಮಾ.”

ನಾಚಿಕೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸತ್ತವರಿಗಾಗಿ ಬಂದಿದ್ದ ಅಳು ಬೇರೆಯೇ ಕಾರಣಕ್ಕೆ ಬಂತು. ಗುಮಾಸ್ತೆ ಏನೂ ಕೇಳದೆ ಕಾಗದವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ. ಹೆಸರು ಬರೆದೆ, ವಿಳಾಸ ಬರೆದೆ, ಸಹಿ ಹಾಕಿದೆ. ‘ಎಷ್ಟು ವರ್ಷಗಳಿಂದ ಬಲ್ಲಿರಿ’ ಎಂಬಲ್ಲಿ ಪೆನ್ನು ನಿಂತಿತು. ಬಾಡಿಗೆಗೆ ಬಂದಲ್ಲಿಂದ ಎಣಿಸುವುದೋ, ಹೊಳೆಯ ಮೆಟ್ಟಿಲಿನಿಂದ ಎಣಿಸುವುದೋ, ಇಲ್ಲ ಈ ಗಳಿಗೆಯಿಂದಲೋ ತಿಳಿಯದೆ ಆಕೆಯ ಕಡೆ ನೋಡಿದೆ.

“ಮೂರು ಅಂತ ಬರಿ” ಎಂದರು. “ಉಂಡಷ್ಟ ಬರಿ.”